ಗಂಧಕದ ಮೇಲೆ ಕೂರುವ ಅನಿಲ

ಪ್ರೀತಿಯ ಅಕ್ಕಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ದನಿ ಬೇರೆ ತುಂಡುತುಂಡಾಗಿ ಕೇಳುತ್ತಿತ್ತು. "ವಾಹನದ ಹೊಗೆಯಲ್ಲಿ ಬರುವ ನೈಟ್ರಿಕ್ ಆಕ್ಸೈಡ್ ತಾನೇ? ಗಿಡವನ್ನು ಸುಡುವುದು ಬಿಟ್ಟು ಅದಿನ್ನೇನು ಮಾಡೀತು?" ಅಂದೆ. ಆಮೇಲೆ ಪಕ್ಕಾ ಕೆಮಿಸ್ಟ್ರಿ ಮೇಡಂ ಥರ, "ಜೋಡಿಯಿಲ್ಲದ ಎಲೆಕ್ಟ್ರಾನಿನಿಂದಾಗಿ ಕೆಲವೇ ಸೆಕೆಂಡು ಉಳಿಯುವ ರ‍್ಯಾಡಿಕಲ್ಲು ಪ್ರೊಟೀನಿನ ಮೇಲೆ ಗುರುತು ಬಿಡುವುದು ಹೇಗೆ?" ಅಂತಲೂ ಕೇಳಿದೆ. ಒಳ್ಳೆಯ ಪ್ರಶ್ನೆ ಎರಡನೆಯದು. ಅದಕ್ಕೇ ಈ ಉದ್ದನೆಯ ಕಾಗದ.

ಹೌದು, ಅದೇ ಅನಿಲ. ಆದರೆ ಗಿಡ ಅದನ್ನು ತಾನೇ ತಯಾರಿಸುತ್ತದೆ, ಅದೂ ಚೂರೇಚೂರು. ನಮ್ಮ ರಕ್ತನಾಳಗಳನ್ನು ಸಡಿಲಿಸುವುದೂ ಇದೇ. ಆ ಶೋಧಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ ನೊಬೆಲ್ ಬಂತು. ರೋಗಾಣು ತಗುಲಿದಾಗ ಗಿಡವೂ ಈ ಅನಿಲವನ್ನು ಸಂಕೇತವಾಗಿ ಬಳಸುತ್ತದೆ ಎಂದು ತೋರಿಸಿದ ಪ್ರಬಂಧಗಳು ಬಂದದ್ದೂ ಅದೇ ವರ್ಷ.

ಇನ್ನು ನಿನ್ನ ರ‍್ಯಾಡಿಕಲ್ಲಿಗೆ ಬರೋಣ. ಅದು ಪ್ರೊಟೀನಿನಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕಕ್ಕೆ ನೇರವಾಗಿ ಹೋಗಿ ಅಂಟಿಕೊಳ್ಳುವುದಿಲ್ಲ, ನಡುವೆ ಒಂದು ಎಲೆಕ್ಟ್ರಾನನ್ನು ಯಾರಾದರೂ ಕಿತ್ತುಕೊಳ್ಳಬೇಕು. ಜೀವಕೋಶದಲ್ಲಿ ಗ್ಲುಟಾಥಯೋನ್ ಎಂಬ ಗಂಧಕವುಳ್ಳ ಪುಟ್ಟ ಅಣು ಧಾರಾಳವಾಗಿರುವುದರಿಂದ ಬಹಳಷ್ಟು ಸಲ ಅದರ ಗಂಧಕಕ್ಕೇ ಮೊದಲು ಸೇರಿ ನೈಟ್ರೋಸೋಗ್ಲುಟಾಥಯೋನ್ ಆಗುತ್ತದೆ. ಇದಕ್ಕೆ ಆಯುಷ್ಯ ಹೆಚ್ಚು. ಕೋಶದೊಳಗೆ ಓಡಾಡುತ್ತಾ, ತಕ್ಕ ಸಿಸ್ಟೀನ್ ಸಿಕ್ಕಲ್ಲಿ ನೈಟ್ರೋಸೋ ಗುಂಪನ್ನು, ಅಂದರೆ ಆ ಅನಿಲದಿಂದ ಬಂದ ತುಣುಕನ್ನು, ದಾಟಿಸುತ್ತದೆ. ಅನಿಲ ಸೆಕೆಂಡುಗಳಲ್ಲಿ ಮಾಯವಾದರೂ ಗುರುತು ಉಳಿಯುವುದು ಹೀಗೆ. ಇದಕ್ಕೆ ಎಸ್-ನೈಟ್ರೋಸಿಲೇಷನ್ ಅನ್ನುತ್ತಾರೆ. ಮುಖ್ಯವಾದದ್ದು, ಇದನ್ನು ಅಳಿಸಬಹುದು.

ಅನಿಲಕ್ಕೆ ಸೂಪರಾಕ್ಸೈಡ್ ಎಂಬ ಚುರುಕು ಆಮ್ಲಜನಕ ರೂಪ ಎದುರಾದರೆ ಕಥೆಯೇ ಬೇರೆ. ಪೆರಾಕ್ಸಿನೈಟ್ರೈಟ್ ಹುಟ್ಟಿ, ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಉಂಗುರಕ್ಕೆ ನೈಟ್ರೋ ಗುಂಪು ಸೇರುತ್ತದೆ. ಆ ಗುರುತು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಬಟಾಣಿ ಗಿಡದ ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ನೋಡು, ಹೈಡ್ರೋಜನ್ ಪೆರಾಕ್ಸೈಡನ್ನು ತೊಡೆಯುವ ಕಿಣ್ವ. ಅದರ 32ನೇ ಸಿಸ್ಟೀನಿಗೆ (ಅಂದರೆ ಪ್ರೊಟೀನಿನ ಸರಪಳಿಯಲ್ಲಿ 32ನೇ ಸ್ಥಾನದಲ್ಲಿರುವುದಕ್ಕೆ) ನೈಟ್ರೋಸೋ ಗುಂಪು ಕೂತರೆ ಕೆಲಸ ಚುರುಕಾಗುತ್ತದೆ. 235ನೇ ಟೈರೋಸಿನ್ನಿಗೆ ನೈಟ್ರೋ ಗುಂಪು ಸೇರಿದರೆ ನಿಂತೇಹೋಗುತ್ತದೆ. ಒಂದೇ ಪ್ರೊಟೀನು, ಮೂಲ ಅನಿಲವೂ ಒಂದೇ, ಫಲ ಪೂರ್ತಿ ಉಲ್ಟಾ. ಯಾರಾದರೂ ನನ್ನನ್ನು "ನೈಟ್ರಿಕ್ ಆಕ್ಸೈಡ್ ಗಿಡಕ್ಕೆ ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದರೆ ಸಿಟ್ಟು ಬರುವುದು ಇದಕ್ಕೇ. ಯಾವ ಪ್ರೊಟೀನು, ಅದರಲ್ಲಿ ಎಷ್ಟನೇ ಸಿಸ್ಟೀನು ಅಂತ ಮೊದಲು ಹೇಳಲಿ.

ಬೀಜದ ವಿಷಯ ನನಗೆ ಬಹಳ ಇಷ್ಟ. ಬೀಜ ಮೊಳೆಯದಂತೆ ತಡೆದಿಡುವುದು ಆಬ್‌ಸಿಸಿಕ್ ಆಮ್ಲ. ಅದರ ಪರವಾಗಿ ಜೀನ್‌ಗಳನ್ನು ಹಿಡಿತದಲ್ಲಿಟ್ಟುಕೊಳ್ಳುವ ಪ್ರೊಟೀನುಗಳಲ್ಲಿ ಎಬಿಐ5 ಒಂದು. ಇದರ 153ನೇ ಸಿಸ್ಟೀನಿಗೆ ಗುರುತು ಬಿದ್ದರೆ ಕೋಶ ಆ ಪ್ರೊಟೀನನ್ನೇ ಒಡೆದುಹಾಕುತ್ತದೆ, ತಡೆ ಸಡಿಲವಾಗಿ ಬೀಜ ಮೊಳೆಯುತ್ತದೆ. 2015ರಲ್ಲಿ ಗೊತ್ತಾದ ವಿಷಯ. ಬೇರಿನಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಗುರುತಿಸುವ ಟಿಐಆರ್1 ಎಂಬ ಪ್ರೊಟೀನಿನ 140ನೇ ಸಿಸ್ಟೀನೂ ಹೀಗೆಯೇ. ಗುರುತು ಕೂತಾಗ ಅದು ತಾನು ಹಿಡಿಯಬೇಕಾದ ಪ್ರೊಟೀನನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ರೋಗ ಬಂದಾಗ ನಡೆಯುವುದು ಇನ್ನೂ ಜಾಣತನದ್ದು. ಸೋಂಕು ತಗುಲಿದ ಜಾಗದ ಕೋಶಗಳನ್ನು ಗಿಡ ತಾನೇ ಸಾಯಿಸಿ ರೋಗಾಣುವನ್ನು ಅಲ್ಲೇ ಕಟ್ಟಿಹಾಕುತ್ತದೆ. ಈ ಸಾವಿಗೆ ನೈಟ್ರಿಕ್ ಆಕ್ಸೈಡೂ ಬೇಕು, ಆರ್‌ಬಿಒಎಚ್‌ಡಿ ಎಂಬ ಕಿಣ್ವ ತಯಾರಿಸುವ ಸೂಪರಾಕ್ಸೈಡೂ ಬೇಕು. ಆದರೆ ಅನಿಲ ಒಂದು ಮಟ್ಟ ಮೀರಿತೋ, ಅದೇ ಕಿಣ್ವದ 890ನೇ ಸಿಸ್ಟೀನಿನ ಮೇಲೆ ಕೂತು ಅದರ ಕೆಲಸ ತಗ್ಗಿಸುತ್ತದೆ. ಬೆಂಕಿ ಹಚ್ಚಿದವನೇ ನೀರೂ ಹೊಯ್ದ ಹಾಗೆ. ಇಲ್ಲದಿದ್ದರೆ ಸಾವು ಎಲೆಯಲ್ಲಿ ಹರಡುತ್ತಾ ಹೋದೀತು. ಎಲೆಯ ಪತ್ರರಂಧ್ರ ಮುಚ್ಚುವಲ್ಲೂ ಇಂಥದ್ದೇ ಆಟ: ಮುಚ್ಚಲು ಈ ಅನಿಲ ನೆರವಾಗುತ್ತದೆ, ಮುಚ್ಚಿಸುವ ಕೈನೇಸ್ ಕಿಣ್ವವನ್ನು ಕೊನೆಗೆ ತಾನೇ ಸುಮ್ಮನಾಗಿಸುತ್ತದೆ.

ಇದೆಲ್ಲ ಕಾಣುವುದು ಹೇಗೆ ಅಂತ ಅಪ್ಪ ಕೇಳುತ್ತಿದ್ದರಲ್ಲ, ಅವರಿಗೆ ಓದಿ ಹೇಳು. ಎಲೆಯನ್ನು ದ್ರವ ನೈಟ್ರೋಜನ್ನಿನಲ್ಲಿ ಅರೆದು ಪ್ರೊಟೀನು ತೆಗೆಯುತ್ತೇನೆ. ಗಂಧಕ–ನೈಟ್ರೋಜನ್ ಬಂಧ ಬೆಳಕಿಗೆ ಮುರಿಯುವುದರಿಂದ ದೀಪ ಕಡಿಮೆ ಮಾಡಿ, ಟ್ಯೂಬುಗಳಿಗೆ ಫಾಯಿಲ್ ಸುತ್ತಿ ಕೆಲಸ. ಮೊದಲು ಖಾಲಿ ಇರುವ ಸಿಸ್ಟೀನುಗಳನ್ನೆಲ್ಲ ಒಂದು ಗಬ್ಬು ವಾಸನೆಯ ರಾಸಾಯನಿಕದಿಂದ ಮುಚ್ಚಬೇಕು. ಹೆಚ್ಚಾದದ್ದನ್ನು ತೊಳೆದು, ಆಸ್ಕಾರ್ಬೇಟ್ (ವಿಟಮಿನ್ ಸಿ) ಹಾಕಿದರೆ ನೈಟ್ರೋಸೋ ಗುಂಪು ಮಾತ್ರ ಕಳಚುತ್ತದೆ. ಹಾಗೆ ಹೊಸದಾಗಿ ತೆರೆದ ಗಂಧಕಕ್ಕೆ ಹಿಡಿಕೆಯ ಹಾಗೆ ಬಯೋಟಿನ್ ಎಂಬ ವಿಟಮಿನ್ ತಗುಲಿಸಿ, ಅದನ್ನು ಹಿಡಿಯುವ ಮಣಿಗಳಿಂದ ಪ್ರೊಟೀನನ್ನು ಎಳೆದುಕೊಳ್ಳುತ್ತೇವೆ. ಬಯೋಟಿನ್ ಸ್ವಿಚ್ ಅನ್ನುವ ಈ ವಿಧಾನ 2001ರದ್ದು. ಮೊದಲ ಹೆಜ್ಜೆಯಲ್ಲಿ ಒಂದೆರಡು ಸಿಸ್ಟೀನು ಮುಚ್ಚದೆ ಉಳಿದರೂ ಫಲಿತಾಂಶದ ಚಿತ್ರದಲ್ಲಿ ಸುಳ್ಳು ಗೆರೆ ಮೂಡುತ್ತದೆ. ಅದಕ್ಕೇ ಆಸ್ಕಾರ್ಬೇಟ್ ಹಾಕದ ಒಂದು ಟ್ಯೂಬನ್ನು ಪ್ರತಿ ಸಲವೂ ಪಕ್ಕದಲ್ಲಿ ನಡೆಸುವುದು. ಯಾರದೇ ಪ್ರಬಂಧ ಬರಲಿ, ನಾನು ಮೊದಲು ಹುಡುಕುವುದು ಆ ಟ್ಯೂಬಿನ ಖಾಲಿ ಸಾಲನ್ನು.

ಈ ಅನಿಲ ಗಿಡದಲ್ಲಿ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಇನ್ನೂ ಜಗಳವಿದೆ. ಪ್ರಾಣಿಗಳಲ್ಲಿ ಅರ್ಜಿನೀನಿನಿಂದ ಇದನ್ನು ಮಾಡುವ ಕಿಣ್ವವಿದೆ. ಪ್ರಯೋಗಾಲಯದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲೂ ಅಂಥದ್ದು ಸಿಕ್ಕಿತು ಎಂದು 2003ರಲ್ಲಿ ದೊಡ್ಡ ಸುದ್ದಿಯಾಗಿ, ಕೆಲವೇ ವರ್ಷಗಳಲ್ಲಿ ಅದು ಬೇರೆಯದೇ ಕೆಲಸದ ಪ್ರೊಟೀನು ಎಂದು ತಿಳಿಯಿತು, ಹೆಸರನ್ನೂ ಬದಲಿಸಬೇಕಾಯಿತು. ಗಟ್ಟಿಯಾಗಿ ನಿಂತಿರುವ ದಾರಿ ನೈಟ್ರೇಟ್ ರಿಡಕ್ಟೇಸ್ ಕಿಣ್ವದ್ದು: ನೈಟ್ರೇಟನ್ನು ನೈಟ್ರೈಟ್ ಮಾಡುವುದು ಅದರ ನಿತ್ಯದ ಕೆಲಸ, ಒಮ್ಮೊಮ್ಮೆ ನೈಟ್ರೈಟಿನಿಂದ ಈ ಅನಿಲವನ್ನೂ ಮಾಡುತ್ತದೆ.

ಗುರುತು ಹಾಕುವವರ ಹಿಂದೆ ಎಲ್ಲರೂ ಓಡುತ್ತಾರೆ, ನನಗೆ ಅಳಿಸುವವರ ಮೇಲೇ ಕಣ್ಣು. ನೈಟ್ರೋಸೋಗ್ಲುಟಾಥಯೋನನ್ನು ಒಡೆಯುವ ರಿಡಕ್ಟೇಸ್ ಕಿಣ್ವ ಒಂದಿದೆ. ಅದರ ಜೀನ್ ಕೆಟ್ಟ ಗಿಡ ನಮ್ಮ ಟ್ರೇಗಳಲ್ಲಿ ದೂರದಿಂದಲೇ ಗೊತ್ತಾಗುತ್ತದೆ: ಗಿಡ್ಡ, ತುದಿ ನೆಟ್ಟಗೆ ಮೇಲೇಳುವುದಿಲ್ಲ, ಬುಡದಿಂದಲೇ ಕವಲು ಕವಲು. ರೋಗಕ್ಕೂ ಬೇಗ ಸೋಲುತ್ತದೆ. ಬಿಸಿ ತಾಳದ ಗಿಡಗಳನ್ನು ಹುಡುಕುತ್ತಿದ್ದವರಿಗೆ ಸಿಕ್ಕಿದ್ದೂ ಇದೇ ಜೀನು. ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಜಗ್ಗದ ಗಿಡಗಳನ್ನು ಹುಡುಕಿದವರಿಗೆ ಸಿಕ್ಕಿದ್ದೂ ಇದೇ! ಶಾಖಕ್ಕೆ ಸಾಯುವ ಗಿಡ ವಿಷಕ್ಕೆ ಬದುಕಿಕೊಳ್ಳುತ್ತದೆ.

ಹಾಗಾಗಿ "ಬೆಳೆಗೆ ಇದನ್ನು ಸಿಂಪಡಿಸಿದರೆ ಬರ ತಡೆಯುತ್ತದಾ" ಎಂಬ ಭಾವನ ಪ್ರಶ್ನೆಗೆ ನನ್ನ ಉತ್ತರ ಸದ್ಯಕ್ಕೆ ಅನುಮಾನದ್ದೇ. ಈ ಅನಿಲವನ್ನು ಬಿಡುವ ಸೋಡಿಯಂ ನೈಟ್ರೋಪ್ರಸೈಡ್ ಹಾಕಿ ಗಿಡ ಚೆನ್ನಾಯಿತು ಅನ್ನುವ ಪ್ರಬಂಧಗಳು ರಾಶಿ ಇವೆ. ಆ ವಸ್ತು ಸಯನೈಡನ್ನೂ ಬಿಡುತ್ತದೆ, ಬೆಳಕಿಗೆ ಒಂದು ಥರ, ಕತ್ತಲಿಗೆ ಒಂದು ಥರ ವರ್ತಿಸುತ್ತದೆ. ಅನಿಲ ಖಾಲಿಯಾದ ಹಳೆಯ ದ್ರಾವಣವನ್ನು ಜೊತೆಗಿಟ್ಟು ಹೋಲಿಸದೆ ಶ್ರೇಯಸ್ಸೆಲ್ಲ ನೈಟ್ರಿಕ್ ಆಕ್ಸೈಡಿಗೇ ಕೊಟ್ಟರೆ ನಾನಂತೂ ಒಪ್ಪುವುದಿಲ್ಲ.

ಈಗ ನಿನಗೊಂದು ಕೆಲಸ. ಆಸ್ಕಾರ್ಬೇಟ್ ನೈಟ್ರೋಸೋ ಗುಂಪನ್ನು ಕಳಚುತ್ತದೆ, ಪಕ್ಕದಲ್ಲೇ ಇರುವ ಡೈಸಲ್ಫೈಡನ್ನು (ಎರಡು ಗಂಧಕಗಳ ನಡುವಿನ ಬಂಧ) ಮುಟ್ಟುವುದಿಲ್ಲ. ನಮ್ಮ ವಿಧಾನವೆಲ್ಲ ನಿಂತಿರುವುದು ಈ ಒಂದು ಭೇದದ ಮೇಲೆ. ಯಾಕೆ ಹಾಗೆ? ಎಲೆಕ್ಟ್ರಾನುಗಳ ಬಾಣ ಹಾಕಿ ಮೆಕ್ಯಾನಿಸಂ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸು, ನನ್ನದರ ಜೊತೆ ಹೋಲಿಸಿ ನೋಡುತ್ತೇನೆ.

ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ