ಅಪ್ಪನ ಕೆರೆಯ ನೀರು ಬರೆಯಲು ಕಲಿಸಿದವರಿಗೆ

ನಮ್ಮ ತಂಡದ ಕೆರೆ ಚಿತ್ರಗಳೆಲ್ಲ ಮುಗಿದು ಗೋಡೆ ಏರಿವೆ. ಕಲಬುರಗಿಯ ಶರಣಬಸವೇಶ್ವರ ಕೆರೆ, ಅಂದರೆ ನಮ್ಮೆಲ್ಲರ ಅಪ್ಪನ ಕೆರೆ, ಎಣ್ಣೆಬಣ್ಣದಲ್ಲಿ, ಇಂಪ್ರೆಷನಿಸ್ಟ್ ರೀತಿಯಲ್ಲಿ, ಅಂದರೆ ಸಣ್ಣ ವಿವರ ಬಿಟ್ಟು ಆ ಹೊತ್ತಿನ ಬೆಳಕು-ಬಣ್ಣ ಹಿಡಿಯುವ ರೀತಿಯಲ್ಲಿ. ‘ಎಲ್ಲರಿಗೂ ಧನ್ಯವಾದ’ ಅಂದುಬಿಟ್ಟರೆ ಯಾರಿಂದ ಏನು ಸಿಕ್ಕಿತು ಅನ್ನುವುದು ತಿಳಿಯುವುದಿಲ್ಲ. ಅದಕ್ಕೇ ಈ ಬರಹ.

ಚೌಕಟ್ಟು ಮಾಡಿಕೊಟ್ಟ ಬಡಗಿ ಕಾಕಾ 16×20 ಇಂಚಿನ ಪಟ್ಟಿಗಳ ಒಳಅಂಚನ್ನು ಇಳಿಜಾರಾಗಿ ಹೆರೆದಿದ್ದರು. ಹೆರೆಯದಿದ್ದರೆ ಬ್ರಶ್ ಒತ್ತಿದಲ್ಲೆಲ್ಲ ಕಟ್ಟಿಗೆಯ ಗೆರೆ ಬಟ್ಟೆಯ ಮೇಲೆ ಮೂಡುತ್ತದೆ. ದಪ್ಪ ಕಾಟನ್ ಬಟ್ಟೆಗೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ, ಎರಡು ಕೋಟ್: ಒಂದು ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಇದಿಲ್ಲದೆ ಬರೆದರೆ ಬಟ್ಟೆ ಎಣ್ಣೆ ಹೀರಿ ಬಣ್ಣ ಮಂಕಾಗುತ್ತದೆ, ವರ್ಷಗಳು ಕಳೆದಂತೆ ನೂಲೂ ಪುಡಿಯಾಗುತ್ತದೆ. ಫರಸಿ ಅಂಗಡಿಯ ಅಣ್ಣ ಶಹಾಬಾದ ಕಲ್ಲಿನ ತುಂಡುಗಳನ್ನು ಪುಕ್ಕಟೆ ಕೊಟ್ಟರು. ಬಣ್ಣ ಕಲಸುವ ಗಾಜಿನ ಪ್ಯಾಲೆಟ್ ಕೆಳಗೆ ಆ ಬೂದು ಕಲ್ಲಿಟ್ಟರೆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು ಸರಿಯಾಗಿ ಕಾಣುತ್ತದೆ.

ಇನ್ನು ಕಲಿಸಿದ ಸರ್. ‘ಕಣ್ಣು ಸಣ್ಣ ಮಾಡಿ ನೋಡ್ರಿ, ಎಲಿ ಎಣಸಬ್ಯಾಡ್ರಿ’ ಅನ್ನುತ್ತಲೇ ಇದ್ದರು. ಬಿಳಿ ಕ್ಯಾನ್ವಾಸ್ ಮೇಲೆ ಯಾವ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಾಣುವುದರಿಂದ ಕೈ ಹೆದರಿ ಚಿತ್ರ ಪೇಲವವಾಗುತ್ತದೆ. ಹಾಗಾಗಿ ಮೊದಲು ಟರ್ಪೆಂಟೈನ್‌ನಲ್ಲಿ ತೆಳು ಮಾಡಿದ ಕೆಂಗಂದು ಬಣ್ಣ, ಬರ್ನ್ಟ್ ಸಿಯೆನ್ನಾ, ಬಳಿದು ಬಟ್ಟೆಯಿಂದ ಒರೆಸಲು ಹೇಳಿದರು.

ಹೆಚ್ಚು ಹೊತ್ತು ಹಿಡಿದದ್ದು ನೀರು. ದಂಡೆಯ ಬೇವಿನ ಮರ ಕಪ್ಪಾಗಿದ್ದರೆ ನೀರಿನಲ್ಲಿ ಅದರ ಬಿಂಬ ಒಂದು ಮಟ್ಟ ತಿಳಿ. ಆಕಾಶದ ಬಿಂಬ ಒಂದು ಮಟ್ಟ ಗಾಢ. ಬಿಂಬ ನೆಟ್ಟಗೆ ಕೆಳಗೇ ಇಳಿಯಬೇಕು, ಸೂರ್ಯನ ದಿಕ್ಕು ನೋಡಿ ವಾಲುವುದು ನೆರಳು ಮಾತ್ರ. ಮೊದಲು ಬ್ರಶ್ಶನ್ನು ಮೇಲಿಂದ ಕೆಳಗೆ ಎಳೆದು, ಆಮೇಲೆ ಒರೆಸಿದ ಚಪ್ಪಟೆ ಬ್ರಶ್ಶಿನಿಂದ ಕೆಲವೇ ಅಡ್ಡಗೀರು: ಹತ್ತಿರದವು ಅಗಲ ಮತ್ತು ವಿರಳ, ದೂರದವು ಸಣ್ಣ ಮತ್ತು ಒತ್ತೊತ್ತು. ಎಲ್ಲಾ ಒಂದೇ ಅಳತೆಯಾದರೆ ಕೆರೆ ಮಲಗುವುದಿಲ್ಲ, ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಕಪ್ಪು ಟ್ಯೂಬ್ ಮುಟ್ಟಲು ಬಿಡಲಿಲ್ಲ. ಗಾಢ ನೀಲಿಯಾದ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಕೂಡಿದರೆ ಸಾಕಷ್ಟು ಗಾಢ. ಹಸಿ ಬಣ್ಣದ ಮೇಲೆ ಮತ್ತೆ ಮತ್ತೆ ಉಜ್ಜಿದರೆ ಕೆಸರು. ಆಗ ತಿದ್ದಬಾರದು, ಚಾಕುವಿನಿಂದ ಕೆರೆದು ತೆಗೆದು ಹೊಸದಾಗಿ ಹಚ್ಚಬೇಕು.

ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರ ಕ್ಲೋದ್ ಮೊನೆ 1872ರಲ್ಲಿ ಬರೆದ ಲ ಹಾವ್ರ್ ಬಂದರಿನ ಸೂರ್ಯೋದಯದ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ತೋರಿಸಿದ್ದೂ ಈ ಸರ್ ಅವರೇ. ಕಿತ್ತಳೆ ಸೂರ್ಯ ಹೆಚ್ಚುಕಡಿಮೆ ಮಾಯ! ಆಕಾಶಕ್ಕಿಂತ ಅದು ಬೆಳಗಿಲ್ಲ, ಸುತ್ತಲಿನ ನೀಲಿ-ಬೂದು ಬಣ್ಣದಿಂದಲೇ ಉರಿಯುವಂತೆ ಕಾಣುತ್ತದೆ. ಹೊಳಪು ಬೇಕೆಂದು ಬಿಳಿ ಸುರಿಯುವವರೆಲ್ಲ ಒಮ್ಮೆ ಇದನ್ನು ನೋಡಬೇಕು.

ಬೆಳಗಿನ ಆರೂವರೆಗೆ ಗೇಟಿನೊಳಗೆ ಬಿಟ್ಟ ಕಾವಲುಗಾರ ಕಾಕಾಗೆ ದೊಡ್ಡ ನಮಸ್ಕಾರ. ಎಂಟು ದಾಟಿದರೆ ನಮ್ಮ ಬಿಸಿಲಿಗೆ ನೀರು ಬರೀ ಬಿಳಿ ಹೊಳಪು, ಬಣ್ಣವೇ ಇರುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಗೆ ನೀರಿನ ಬಕೆಟ್ ಇಟ್ಟವರೂ ಅವರೇ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ಮುದ್ದೆ ಮಾಡಿ ಬಿಸಾಕಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು.

‘ಇನ್ನಾ ಮುಗಿಸಿಲ್ಲೇನು?’ ಎಂದು ಕೇಳಿದ ಮನೆಯವರಿಗೂ ವಂದನೆ. ಇಲ್ಲಿಯವರೇ ಆದ ಚಿತ್ರಕಾರ ಎಸ್.ಎಂ. ಪಂಡಿತರ ನಯವಾದ ಕೆಲಸ ನೋಡಿ ಬೆಳೆದ ಊರು ಇದು, ಬ್ರಶ್ಶಿನ ಗುರುತು ಎದ್ದು ಕಂಡರೆ ಅರ್ಧಕ್ಕೆ ಬಿಟ್ಟಂತೆ ಅನಿಸುವುದು ಸಹಜ. ಐದಾರು ಹೆಜ್ಜೆ ಹಿಂದೆ ನಿಂತು ನೋಡಿ. ಮುಟ್ಟಬೇಡಿ, ದಪ್ಪಗೆ ಹಚ್ಚಿದ ಬಿಳಿ ಬಣ್ಣ ಒಳಗಿನ್ನೂ ಹಸಿ. ವಾರ್ನಿಶ್ ಹಚ್ಚಲು ಕಡಿಮೆಯೆಂದರೂ ಆರು ತಿಂಗಳು ಕಾಯಬೇಕು. ಅಲ್ಲಿಯವರೆಗೆ ಗೋಡೆ ಬಿಟ್ಟುಕೊಟ್ಟ ಮನೆಯ ಅಕ್ಕನಿಗೆ ಈಗಲೇ ಮುಂಗಡವಾಗಿ ಧನ್ಯವಾದ.