ಗುಡ್ಡದಿಂದ ನೀರು ಇಳಿಯುವ ದಿನಗಳಿಗೆ ಕಾವಲು ಬೇಕು

ಮಾನ್ಯ ಸಂಪಾದಕರೇ,

ಮಳೆ ಹಿಡಿದು ನಾಲ್ಕು ದಿನ ಆಯಿತೆಂದರೆ ಪತ್ರಿಕೆಗಳಲ್ಲಿ ಕುಷ್ಟಗಿ ತಾಲ್ಲೂಕಿನ ಕಬ್ಬರಗಿಯ ಕಪಿಲತೀರ್ಥ ಜಲಪಾತದ ಫೋಟೊ ಬರುತ್ತದೆ. ಮುಂದಿನ ಭಾನುವಾರ ಕುಷ್ಟಗಿ, ಇಳಕಲ್, ಗಜೇಂದ್ರಗಡ ಕಡೆಯಿಂದ ಬೈಕು, ಕಾರು, ಟಂಟಂ ತುಂಬಿಕೊಂಡು ಜನ ಹೊರಡುತ್ತಾರೆ. ಹೊರಡಲಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲು ತಿಂದವರು ನಾವು. ಮೇಲಿಂದ ಬೀಳುವ ನೀರಿಗೆ ತಲೆ ಕೊಟ್ಟು ನಿಲ್ಲುವ ಸುಖ ನಮಗೆ ವರ್ಷದಲ್ಲಿ ಸಿಗುವುದೇ ಕೆಲವು ವಾರ. ಆ ಕೆಲವು ವಾರಗಳ ಬಗ್ಗೆಯೇ ಈ ಪತ್ರ.

ಈ ಸಲ ಶ್ರಾವಣದಲ್ಲಿ ನಾವು ಗಂಗಾವತಿಯಿಂದ ಕಾರಿನಲ್ಲಿ ಬಾದಾಮಿಗೆ ಹೊರಟಿದ್ದೆವು. ಅತ್ತೆ, ನಾದಿನಿ, ಮಕ್ಕಳು ಎಲ್ಲರೂ ಇದ್ದರು. ಅಗಸ್ತ್ಯ ತೀರ್ಥದ ಕೆಂಪು ಬಂಡೆಯಿಂದ ಇಳಿಯುವ ಅಕ್ಕ-ತಂಗಿ ಜಲಪಾತ ನೋಡಬೇಕು, ಹೋಗುವ ದಾರಿಯಲ್ಲಿ ಕಬ್ಬರಗಿಯಲ್ಲಿ ಇಳಿದು ಬುತ್ತಿ ಬಿಚ್ಚಬೇಕು ಅಂತ ಮಾತಾಗಿತ್ತು. ಹನುಮಸಾಗರದ ಹೊತ್ತಿಗೆ ಹೊಲಗಳೆಲ್ಲ ಹಸಿರು. ಕಬ್ಬರಗಿಯಲ್ಲಿ ಗುಡ್ಡದ ಸಂದಿಯಿಂದ ನೀರು ಬೆಳ್ಳಗೆ ಇಳಿಯುತ್ತಿತ್ತು. ಮಕ್ಕಳ ಕೇಕೆಗೆ ನೀರಿನ ಸದ್ದೇ ಕೇಳುತ್ತಿರಲಿಲ್ಲ. ಎಂದೂ ಜೋರಾಗಿ ನಗದ ನಮ್ಮತ್ತೆ ಅವತ್ತು ಸೆರಗು ಬಿಗಿದುಕೊಂಡು ನೀರಿನ ಕೆಳಗೆ ನಿಂತು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ.

ರೊಟ್ಟಿ ಬುತ್ತಿ ಬಿಚ್ಚುವ ಹೊತ್ತಿಗೆ ಕುರಿ ಕಾಯುವ ಹಿರಿಯರೊಬ್ಬರು ಮೇಲಿಂದ ಕೂಗಿದರು: "ಯಕ್ಕಾ, ನೀರು ಕೆಂಪಾಗಾಕತ್ತಾವು. ಹುಡುಗ್ರನ್ನ ಮ್ಯಾಲ ಕರ್ಕೊಳ್ರಿ." ನಮ್ಮ ತಲೆಯ ಮೇಲೆ ಬಿಸಿಲಿತ್ತು. ಮೋಡ ಇದ್ದದ್ದು ದೂರದ ಗುಡ್ಡದ ಮೇಲೆ. ಆದರೂ ಅವರ ದನಿಯಲ್ಲಿದ್ದ ಗಡಿಬಿಡಿ ನೋಡಿ ಮಕ್ಕಳನ್ನು ಎಳೆದುಕೊಂಡು ಮೇಲೆ ಬಂದೆವು. ಸ್ವಲ್ಪ ಹೊತ್ತಿಗೆ ಬಿಳಿ ನೀರು ಕೆಂಪಾಯಿತು, ಕಡ್ಡಿ ಕಸ ತೇಲಿ ಬಂತು, ಸದ್ದೇ ಬದಲಾಯಿತು. ನಾವು ನಿಂತಿದ್ದ ಬಂಡೆ ಮುಳುಗಿತು. ಆಚೆ ದಡದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಹುಡುಗರು ನೀರು ಇಳಿಯುವವರೆಗೂ ಅಲ್ಲೇ ಸಿಕ್ಕಿಕೊಂಡರು. ಯಾರಿಗೂ ಏನೂ ಆಗಲಿಲ್ಲ. ಆ ಹಿರಿಯರು ಕುರಿ ಹೊಡೆದುಕೊಂಡು ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತೋ!

ನಮ್ಮ ಕಡೆಯ ಜಲಪಾತದ ಗುಣವೇ ಇದು. ಕೊಪ್ಪಳ ಜಿಲ್ಲೆಗೆ ವರ್ಷವಿಡೀ ಸೇರಿ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ. ಆದರೆ ಮಲೆನಾಡಿನ ಮಳೆಯನ್ನು ಕಾಡು, ಮಣ್ಣು ಹೀರಿಕೊಂಡು ನಿಧಾನಕ್ಕೆ ಬಿಡುತ್ತವೆ. ನಮ್ಮದು ಬಂಡೆಯ ಬೋಳು ಗುಡ್ಡ, ತೆಳು ಮಣ್ಣು. ಬಿದ್ದ ನೀರು ನಿಲ್ಲುವುದಿಲ್ಲ, ನೇರ ಹಳ್ಳಕ್ಕೆ ಓಡುತ್ತದೆ. ಮಳೆ ಬರುವುದೂ ಜಾಸ್ತಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಜೊತೆ, ಒಂದು ಕಡೆ ಹೊಡೆದು ಇನ್ನೊಂದು ಕಡೆ ಬಿಟ್ಟು. ಊಟ ಮುಗಿಸಿ ಜನ ನೀರಿಗಿಳಿಯುವ ಹೊತ್ತೂ ಅದೇ.

ಜೋಗಕ್ಕೆ ಹೋದವರು 253 ಮೀಟರ್ ಎತ್ತರದ ನೀರನ್ನು ಎದುರಿನ ದಡದಲ್ಲಿ ನಿಂತು ನೋಡುತ್ತಾರೆ. ಗೋಕಾಕದಲ್ಲೂ ಅಷ್ಟೇ, ತೂಗು ಸೇತುವೆಯಿಂದ ಘಟಪ್ರಭೆಯನ್ನು ನೋಡುತ್ತಾರೆ. ದೊಡ್ಡ ಜಲಪಾತ ಕಂಡರೆ ಹೆದರಿಕೆ ತಾನಾಗಿಯೇ ಹುಟ್ಟುತ್ತದೆ. ಸಣ್ಣದಕ್ಕೆ ಯಾರೂ ಹೆದರುವುದಿಲ್ಲ, ಕೂಸನ್ನು ಎತ್ತಿಕೊಂಡೇ ಕೆಳಗೆ ನಿಲ್ಲುತ್ತಾರೆ. ನನಗೆ ಕಪಿಲತೀರ್ಥದಂಥ ಜಾಗವೇ ಜೋಗಕ್ಕಿಂತ ಹೆಚ್ಚು ಕಾವಲು ಬೇಡುತ್ತದೆ ಅನಿಸುವುದು ಅದಕ್ಕೆ. ತಮಿಳುನಾಡಿನ ಹಳೇ ಕುಟ್ರಾಲಂ ಜಲಪಾತದಲ್ಲಿ 2024ರ ಮೇ 17ರಂದು ಜನ ಸ್ನಾನ ಮಾಡುತ್ತಿದ್ದಾಗಲೇ ಪ್ರವಾಹ ಬಂದು 17 ವರ್ಷದ ಹುಡುಗ ಕೊಚ್ಚಿಹೋದ. ಅದೇ ವರ್ಷ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದ ಭೂಶಿ ಅಣೆಕಟ್ಟೆ ಹತ್ತಿರ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀರಿನ ನಡುವೆ ಒಬ್ಬರನ್ನೊಬ್ಬರು ಹಿಡಿದು ನಿಂತ ಆ ವಿಡಿಯೊ ನೋಡಿದವರಿಗೆ ಇನ್ನೂ ಮರೆತಿರಲಾರದು.

ಕುಟ್ರಾಲಂ ಹೆಸರು ತೆಗೆದಿದ್ದಕ್ಕೆ ಇನ್ನೊಂದು ಕಾರಣ ಇದೆ. ಅಲ್ಲಿ ನೀರು ಹೆಚ್ಚಾದರೆ ಸ್ನಾನ ನಿಲ್ಲಿಸುತ್ತಾರೆ, ಇಳಿದ ಮೇಲೆ ಮತ್ತೆ ಬಿಡುತ್ತಾರೆ. ಮುಖ್ಯ ಜಲಪಾತದಲ್ಲಿ ಹೆಂಗಸರಿಗೆ ಬೇರೆ ಜಾಗ ಇದೆ. ನಮ್ಮಲ್ಲಿ ಅನಾಹುತ ಆದ ಮೇಲೆ ಒಂದು ಆದೇಶ ಬರುತ್ತದೆ: ಪ್ರವೇಶ ನಿಷೇಧ. ದೂರದಿಂದ ಬಂದವರು ಆ ಬೋರ್ಡನ್ನು ದಾಟಿಯೇ ಹೋಗುತ್ತಾರೆ. ಕಾಯುವವರಿಲ್ಲದ ಬೋರ್ಡಿನಿಂದ ಏನು ಉಪಯೋಗ?

ಇಷ್ಟು ದಿನ ಪ್ರವಾಸೋದ್ಯಮ ಅಂದರೆ ಕಟ್ಟಡ ಅಂತಲೇ ಆಗಿದೆ. ಅನುದಾನ ಬಂದರೆ ಸ್ವಾಗತ ಕಮಾನು, ಬಣ್ಣದ ಬೆಂಚು, ಸೆಲ್ಫಿ ಪಾಯಿಂಟು. ವರ್ಷದ ಬಹುಪಾಲು ಒಣಗಿರುವ ಜಾಗಕ್ಕೆ ಸುಮ್ನೆ ಸಿಮೆಂಟು ಸುರಿಯುವುದು ಬೇಡ. ಹಳ್ಳಕ್ಕೆ ಅಡ್ಡ ಕಟ್ಟಿದ್ದನ್ನು ಹಳ್ಳವೇ ಒಂದು ದಿನ ಎಳೆದುಕೊಂಡು ಹೋಗುತ್ತದೆ. ಜಿಲ್ಲಾಡಳಿತಕ್ಕೆ ನನ್ನ ಕೇಳಿಕೆ ಇಷ್ಟೇ: ನೀರು ಇರುವ ವಾರಗಳಲ್ಲಿ ಅಲ್ಲಿ ಮನುಷ್ಯರು ಬೇಕು. ಅದೇ ಊರಿನ, ಆ ಗುಡ್ಡದ ಮೋಡ ಗೊತ್ತಿರುವ ನಾಲ್ಕಾರು ಮಂದಿಯನ್ನು ಆಗಸ್ಟಿನಿಂದ ಅಕ್ಟೋಬರ್‌ವರೆಗೆ ದಿನಗೂಲಿ ಕೊಟ್ಟು ನಿಲ್ಲಿಸಿ. ಒಬ್ಬರು ಮೇಲೆ, ಹಳ್ಳದ ತಲೆಯಲ್ಲಿ, ಮೊಬೈಲು ಮತ್ತು ಸೀಟಿ ಹಿಡಿದು. ಉಳಿದವರು ಕೆಳಗೆ. ಮೇಲಿನವರು ಸೀಟಿ ಊದಿದರೆ ಕೆಳಗಿನವರು ಎಲ್ಲರನ್ನೂ ದಡ ಹತ್ತಿಸಬೇಕು. ಒಂದು ಉದ್ದನೆಯ ಹಗ್ಗ, ಗಾಳಿ ತುಂಬಿದ ಕೆಲವು ಟ್ಯೂಬು ಅಲ್ಲೇ ಇರಲಿ. ಭಾನುವಾರ ಮತ್ತು ಶ್ರಾವಣ ಸೋಮವಾರ ಇಬ್ಬರು ಪೊಲೀಸರು ಬರಲಿ. ಮಾತಿಗೆ ಬಗ್ಗದವರು, ಕುಡಿದು ನೀರಿಗಿಳಿಯುವವರು ಅವರನ್ನು ಕಂಡರೆ ಹಿಂದೆ ಸರಿಯುತ್ತಾರೆ.

ಇದು ನಮ್ಮಿಂದ ಆಗದ ಕೆಲಸವೇ? ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಮಹಾದಾಸೋಹದಲ್ಲಿ ಉಂಡು ಹೋಗುತ್ತಾರೆ. ಗಾಡಿ ಎಲ್ಲಿ ನಿಲ್ಲಬೇಕು, ಜನ ಯಾವ ಕಡೆಯಿಂದ ಬರಬೇಕು, ಎಲ್ಲಕ್ಕೂ ಸೇವೆಗೆ ನಿಂತವರು ಇರುತ್ತಾರೆ. ಜಾತ್ರೆ ಮುಗಿದ ಮೇಲೆ ಪೆಂಡಾಲು ಬಿಚ್ಚುತ್ತಾರೆ, ಮೈದಾನ ಮತ್ತೆ ಮೈದಾನವಾಗುತ್ತದೆ. ಜಲಪಾತಕ್ಕೂ ಹೀಗೇ ಮಾಡಬಹುದು ಅಲ್ವಾ? ತಗಡಿನ ನಾಲ್ಕು ಮರೆ ಕಟ್ಟಿದರೆ ಹೆಂಗಸರು ಒದ್ದೆ ಸೀರೆ ಬದಲಿಸಬಹುದು. ಎಳೆದು ತರುವ ಮೊಬೈಲ್ ಶೌಚಾಲಯ ನಿಲ್ಲಿಸಬಹುದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಜಾಗಗಳಿಗೆ ಹೊರಟಾಗ ನಾವು ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಬುತ್ತಿ ಕಟ್ಟುವವರು ನಾವು, ಮಕ್ಕಳನ್ನು ನೋಡಿಕೊಳ್ಳುವವರು ನಾವು. ನೀರಿಗೆ ಇಳಿಯದೆ ದಡದಲ್ಲಿ ಚೀಲ ಕಾಯುತ್ತಾ ಕೂರುವವರೂ ನಾವೇ. ಬಟ್ಟೆ ಬದಲಿಸಲು ಒಂದು ಮರೆ ಇದ್ದರೆ ಎಷ್ಟೋ ಹೆಣ್ಣುಮಕ್ಕಳು ನೀರಿಗಿಳಿಯುತ್ತಾರೆ.

ಲಿಂಗಸುಗೂರು ತಾಲ್ಲೂಕಿನ ಗುಂಡಲಬಂಡಾ ಜಲಪಾತಕ್ಕೂ, ಸಂಡೂರಿನ ಗುಡ್ಡಗಳಲ್ಲಿ ಮಳೆಗೆ ಹುಟ್ಟುವ ಸಣ್ಣ ಸಣ್ಣ ಝರಿಗಳಿಗೂ ಇದೇ ಮಾತು. ಆದರೆ ಸಂಡೂರಿನಲ್ಲಿ ಅದಿರಿನ ಮಣ್ಣಿನಿಂದ ನೀರು ಮಳೆಗಾಲದಲ್ಲಿ ಕೆಂಪಾಗಿಯೇ ಹರಿಯುತ್ತದೆ. ಬಣ್ಣ ನೋಡಿ ಅಪಾಯ ಗುರುತಿಸಲು ಅಲ್ಲಿ ಆಗುವುದಿಲ್ಲ. ಸದ್ದು, ತೇಲಿ ಬರುವ ಕಸ, ಗುಡ್ಡದ ಮೇಲಿನ ಮೋಡ ಇವನ್ನೇ ನೋಡಬೇಕು. ಆಯಾ ಜಾಗದ ಲಕ್ಷಣ ಆಯಾ ಊರಿನವರಿಗೇ ಗೊತ್ತು. ಅದಕ್ಕೇ ಹೊರಗಿನ ಗುತ್ತಿಗೆ ಏಜೆನ್ಸಿಗೆ ಕೊಡುವ ಬದಲು ಊರವರನ್ನೇ ತೆಗೆದುಕೊಳ್ಳಿ ಅಂತ ಕೇಳುತ್ತಿದ್ದೇನೆ. ದನ ಕುರಿ ಕಾಯುವವರಿಗೆ ಮೂರು ತಿಂಗಳ ಕೂಲಿಯೂ ಸಿಗುತ್ತದೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ. ಜಲಪಾತದ ಫೋಟೊ ಹಾಕುವಾಗ ಕೆಳಗೆ ಎರಡು ಸಾಲು ಸೇರಿಸಿ. ನೀರು ಕೆಂಪಾದರೆ, ಕಸ ತೇಲಿದರೆ, ಸದ್ದು ಬದಲಾದರೆ ಕೂಡಲೇ ದಡ ಹತ್ತಿ. ಗುಡ್ಡದ ಮೇಲೆ ಮೋಡ ಕಟ್ಟಿದ್ದರೆ ಇಳಿಯಲೇಬೇಡಿ. ತುರ್ತಿಗೆ 112. ಮುಂದಿನ ಮಳೆಗಾಲದ ಮೊದಲ ಫೋಟೊದಿಂದಲೇ ಇದು ಶುರುವಾಗಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಗಂಗಾವತಿ, ಕೊಪ್ಪಳ ಜಿಲ್ಲೆ