ನಮ್ಮ ಮೊದಲ ಆಲ್ಬಂ ಹೊರಬಂದಿದೆ, ಇದು ನಿಮ್ಮೆಲ್ಲರಿಗೆ

ಕೊನೆಗೂ ನಮ್ಮ ಮೊದಲ ಆಲ್ಬಂ ಹೊರಬಂದಿದೆ. ನಾಲ್ವರು ಗೆಳೆಯರು ಸೇರಿ ಕಟ್ಟಿದ ಗಿಟಾರ್ ತಂಡ ನಮ್ಮದು. ಬೆನ್ನಿಗೆ ಯಾವ ಕಂಪನಿಯೂ ಇರಲಿಲ್ಲ. ಇದ್ದವರು ನೀವು. ಅದನ್ನು ಎಲ್ಲರೆದುರು ಹೇಳದೆ ನಮಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ಉಡುಪಿಯ ನಮ್ಮ ಓಣಿಯವರಿಗೆ. ಸ್ಟುಡಿಯೊ ಬಾಡಿಗೆ ಕೈಗೆಟುಕದೆ ಮನೆಯ ಉಪ್ಪರಿಗೆಯಲ್ಲೇ ಧ್ವನಿಮುದ್ರಣಕ್ಕೆ ಕುಳಿತೆವು. ಗೋಡೆಗೆ ಹಾಸಿಗೆ, ಕಂಬಳಿ ಹೊದಿಸಿದರೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗುತ್ತದೆ, ನಿಜ. ಹೊರಗಿನ ಸದ್ದನ್ನು ಮಾತ್ರ ಅದು ತಡೆಯುವುದಿಲ್ಲ; ಅದಕ್ಕೆ ದಪ್ಪ ಗೋಡೆ, ಸಂದಿಲ್ಲದ ಬಾಗಿಲು ಬೇಕು. ನಮ್ಮದೋ ಹಂಚಿನ ಮಾಡು. ಮಳೆಗಾಲ ಮುಗಿಯುವವರೆಗೆ ಮೈಕ್ ಇಡುವ ಹಾಗೇ ಇರಲಿಲ್ಲ. ಮಳೆ ನಿಂತ ಮೇಲೆ ಪಂಪ್‌ಸೆಟ್, ಮಿಕ್ಸಿ, ಕುಕ್ಕರಿನ ಸೀಟಿ. ಆಗ ಪಕ್ಕದ ಮನೆಯ ಅಜ್ಜಿ ತಾವಾಗಿಯೇ ಬಂದು, "ನೀವು ಹಾಡುವ ಹೊತ್ತು ಹೇಳಿ ಮಕ್ಕಳೇ, ಅದಕ್ಕೆ ಮೊದಲೇ ಮಸಾಲೆ ಕಡೆದು ಮುಗಿಸುತ್ತೇನೆ" ಎಂದರು. ಆ ಮಾತು ಮನೆಯಿಂದ ಮನೆಗೆ ಹೋಯಿತು. ಎದುರು ಮನೆಯವರು ಟಿವಿಯ ಸದ್ದು ಇಳಿಸಿದರು. ತೋಟಕ್ಕೆ ನೀರು ಬಿಡುವವರು ಪಂಪನ್ನು ಬೆಳಗಿನ ಜಾವಕ್ಕೆ ಹಾಕಿಕೊಂಡರು. ಮೂರನೆಯ ಹಾಡಿನ ಆರಂಭದಲ್ಲಿ ಬೆರಳು ತಂತಿಯ ಮೇಲೆ ಜಾರುವ ಸಣ್ಣ ಸದ್ದಿದೆಯಲ್ಲ, ಅದು ಕೇಳಿಸುವುದು ನಿಮ್ಮಿಂದ.

ಗಿಟಾರ್ ರಿಪೇರಿ ಮಾಡಿಕೊಟ್ಟ ಮಂಗಳೂರಿನ ಹಿರಿಯರಿಗೆ ಎಷ್ಟು ಹೇಳಿದರೂ ಕಡಿಮೆ. ಕರಾವಳಿಯ ತೇವಕ್ಕೆ ಮರ ಉಬ್ಬಿ ತಂತಿಗಳು ಮೇಲೆದ್ದಿದ್ದವು. ಬೆರಳು ಒತ್ತಿದರೆ ಶ್ರುತಿ ಏರುತ್ತಿತ್ತು. ಅವರು ಕತ್ತಿನೊಳಗಿನ ಉಕ್ಕಿನ ಸರಳನ್ನು ಕಾಲು ಸುತ್ತು ತಿರುಗಿಸಿ, ಒಂದು ದಿನ ಹಾಗೇ ಬಿಟ್ಟು, ಮತ್ತೆ ಒಂದಿಷ್ಟು ತಿರುಗಿಸಿದರು. ನಮ್ಮ ಅವಸರಕ್ಕೆ ಮಣಿಯಲಿಲ್ಲ. ಹೊಸ ತಂತಿಯ ದುಡ್ಡಷ್ಟೇ ತೆಗೆದುಕೊಂಡರು.

ಕನ್ನಡದ ಸಾಲುಗಳನ್ನು ಗಿಟಾರಿಗೆ ಹೊಂದಿಸುವ ಧೈರ್ಯ ನಮಗೆ ಬಂದದ್ದು ರಘು ದೀಕ್ಷಿತ್ ಪ್ರಾಜೆಕ್ಟ್‌ ಎಂಬ ತಂಡದ 2008ರ ಮೊದಲ ಆಲ್ಬಂ ಕೇಳಿ. ಶಿಶುನಾಳ ಷರೀಫರ ತತ್ತ್ವಪದ ಅಲ್ಲಿ ಗಿಟಾರಿನ ಜೊತೆ ಅಷ್ಟು ಸಲೀಸಾಗಿ ಸಾಗುವುದನ್ನು ಕೇಳಿದ ಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕೆಂದು ನಮಗೆ ಅನ್ನಿಸಲೇ ಇಲ್ಲ. ನಾವಿನ್ನೂ ಭೇಟಿಯಾಗದ ಆ ಕಲಾವಿದರಿಗೂ ವಂದನೆ.

ನಡುವೆ ಕಷ್ಟದ ದಿನಗಳೂ ಬಂದವು. ಬೇಸ್ ಗಿಟಾರ್ ನುಡಿಸುವ ಗೆಳೆಯನ ತಂದೆ ಆಸ್ಪತ್ರೆ ಸೇರಿದಾಗ ಆಲ್ಬಮ್ಮಿಗೆಂದು ಕೂಡಿಟ್ಟ ಹಣವೆಲ್ಲ ಅಲ್ಲಿಗೆ ಹೋಯಿತು. ಹೋಗಲೇಬೇಕಿತ್ತು. ಆಮೇಲೆ ಒಂದು ಹಾಡನ್ನೂ ಕೇಳದೆ ಮುಂಗಡ ಕೊಟ್ಟವರು ನೀವು. ಬೇರೆಬೇರೆಯಾಗಿ ಮುದ್ರಿಸಿದ್ದನ್ನು ಹದವಾಗಿ ಬೆರೆಸುವ ಮಿಕ್ಸಿಂಗ್, ಅದಕ್ಕೆ ಕೊನೆಯ ಮೆರುಗು ಕೊಡುವ ಮಾಸ್ಟರಿಂಗ್ ಎಲ್ಲ ನಡೆದದ್ದು ಆ ದುಡ್ಡಿನಲ್ಲೇ. ಗೆಳೆಯನ ತಂದೆ ಈಗ ಚೇತರಿಸಿಕೊಂಡಿದ್ದಾರೆ. ಮೊದಲ ಸಿಡಿಯನ್ನು ಅವರ ಕೈಗೇ ಕೊಟ್ಟೆವು.

ಮುಂಗಡ ಕೊಟ್ಟವರ ಸಿಡಿಗಳನ್ನು ಈ ವಾರ ಅಂಚೆಗೆ ಹಾಕುತ್ತೇವೆ, ಜೊತೆಗೆ ಹಾಡುಗಳ ಸಾಹಿತ್ಯದ ಪುಟ್ಟ ಪುಸ್ತಿಕೆಯೂ ಇದೆ. ಊರಿನ ಯುವಕ ಮಂಡಲದವರು ವಾರ್ಷಿಕೋತ್ಸವದ ದಿನ ನಾಟಕಕ್ಕೆ ಮೊದಲು ಇಡೀ ಆಲ್ಬಂ ನುಡಿಸಲು ವೇದಿಕೆ ಕೊಟ್ಟಿದ್ದಾರೆ. ದಯವಿಟ್ಟು ಮನೆಮಂದಿಯೆಲ್ಲ ಬನ್ನಿ.